ಕ್ರಮಯೋಜನೆ ಮತ್ತು ವಿಕಲ್ಪ

ಕ್ರಮಯೋಜನೆ ಮತ್ತು ವಿಕಲ್ಪ: ಗುಂಪೊಂದರಿಂದ ಕೆಲವನ್ನು ಆಯುವ ಬಗೆಗಳನ್ನು ಎಣಿಸುವ ಗಣಿತ ವಿಧಾನಗಳು, ಮೊದಲನೆಯದರಲ್ಲಿ ಆಯ್ದವುಗಳ ಅನುಕ್ರಮ ಗಣನೆಗೆ ಬರುತ್ತದೆ, ಎರಡನೆಯದರಲ್ಲಿ ಬರುವುದಿಲ್ಲ. ವಿಕಲ್ಪದ ಸಾಮಾನ್ಯ ಸೂತ್ರವನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ನಿರೂಪಿಸಿದನು. ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಐದು ಕಬಡ್ಡಿ ತಂಡಗಳಲ್ಲಿ ಮೂರನ್ನು ಆರಿಸುವುದು ವಿಕಲ್ಪ: 10 ಬಗೆ. ಆರಿಸಿದವಕ್ಕೆ ಪ್ರಥಮ, ದ್ವಿತೀಯ, ತೃತೀಯ ಸ್ಥಾನ ಕೊಟ್ಟರೆ ಕ್ರಮಯೋಜನೆ: 5×4×3=60. ಪ್ರತಿ ಆಯ್ಕೆಯನ್ನು 3×2×1=6 ರೀತಿ ಜೋಡಿಸಬಹುದಾದ್ದರಿಂದ 60ನ್ನು 6ರಿಂದ ಭಾಗಿಸಿದರೆ 10 ಬರುತ್ತದೆ; ವ್ಯತ್ಯಾಸದ ತಿರುಳು ಈ ಭಾಗಾಕಾರ. ಒಂದೇ ತಂಡವನ್ನು ಆಯುವಾಗ ಎರಡರ ಉತ್ತರವೂ 5 ಆಗುತ್ತದೆಂಬ ಮಾತ್ರಕ್ಕೆ ಭೇದ ಹೆಸರಿಗಷ್ಟೇ ಎನ್ನಲಾಗದು. ಒಂದು ವಸ್ತುವಿಗೆ ಜೋಡಣೆಯೂ ಒಂದೇ ಆಗಿರುವುದು ಉತ್ತರಗಳು ಸಮವಾಗಲು ಕಾರಣ. ಸಂಭವನೀಯತೆಯ ಲೆಕ್ಕಗಳಿಗೆ ಇವೆರಡೂ ತಳಹದಿ.