ಯುಗ್ಮಸಿದ್ಧಾಂತದ ಚರಿತ್ರೆಯೂ ಬೆಂಗಳೂರಿನ ನೀರಿನ ಲೆಕ್ಕವೂ

ಒಂದು ಕಾರ್ಯವನ್ನು ಅತ್ಯಲ್ಪ ವೆಚ್ಚದಲ್ಲಿ ನೆರವೇರಿಸಿದೆವೆಂದು ಹೇಳುವುದು ಸುಲಭ. ಅದಕ್ಕಿಂತ ಅಲ್ಪವೆಚ್ಚದ ಮಾರ್ಗವು ಇರಲಾರದೆಂದು ಸಾಧಿಸಿ ತೋರಿಸುವುದು ಕಷ್ಟ. ಕಂಡುಹಿಡಿಯುವವನಿಗೆ ಒಂದು ಮಾರ್ಗ ದೊರೆತರೆ ಸಾಕು. ಸಾಧಿಸುವವನಾದರೋ ತಾನು ಕಾಣದ ಅಸಂಖ್ಯ ಮಾರ್ಗಗಳಿಗೆಲ್ಲ ಉತ್ತರ ಕೊಡಬೇಕು. ಈ ಕಷ್ಟವನ್ನು ಪರಿಹರಿಸುವುದೇ ಗಣಿತದ ಯುಗ್ಮಸಿದ್ಧಾಂತ. ಅದರ ಪ್ರಕಾರ, ವೆಚ್ಚವನ್ನು ತಗ್ಗಿಸುವ ಸಮಸ್ಯೆಯೊಂದಕ್ಕೆ ಮೌಲ್ಯವನ್ನು ಹೆಚ್ಚಿಸುವ ಜೊತೆಯ ಸಮಸ್ಯೆಯೊಂದುಂಟು. ಮೊದಲನೆಯದರ ಯಾವ ಉತ್ತರವೂ ಎರಡನೆಯದರ ಯಾವ ಉತ್ತರಕ್ಕಿಂತಲೂ ಕೆಳಗಿಳಿಯದು. ಎರಡೂ ಒಂದೇ ಅಂಕೆಯಲ್ಲಿ ಸಂಧಿಸಿದರೆ, ಎರಡೂ ಪರಮಾವಧಿಯನ್ನು ಮುಟ್ಟಿದುವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಇದರ ಬೇರುಗಳು ಹಳೆಯವು. ಸಮೀಕರಣರೂಪದ ನಿರ್ಬಂಧಗಳಿಗೆ ಗುಣಕಗಳನ್ನು ಜೋಡಿಸುವ ವಿಧಾನವನ್ನು ಲಗ್ರಾಂಜನು 1788ರ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ವಿಸ್ತರಿಸಿದನು. ಏಕಘಾತದ ಅಸಮತೆಗಳನ್ನು ಕುರಿತ ಮೂಲಪ್ರಮೇಯವನ್ನು ಹಂಗೆರಿಯ ಫಾರ್ಕಾಶ್ 1902ರಲ್ಲಿ ಪ್ರಕಟಿಸಿದನು. ಕ್ರೀಡಾಸಿದ್ಧಾಂತದ ಪ್ರಧಾನ ಪ್ರಮೇಯವನ್ನು ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿದನು. 1947ರ ಅಕ್ಟೋಬರ್ 3ರಂದು ಪ್ರಿನ್ಸ್‌ಟನ್ನಿನಲ್ಲಿ ಡಾಂಟ್ಸಿಗ್ ತನ್ನ ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಯನ್ನು ಫಾನ್ ನಾಯ್ಮನ್ನನ ಮುಂದಿಟ್ಟಾಗ, ಆತನು ಅದರಲ್ಲಿ ತನ್ನ ಕ್ರೀಡಾಸಿದ್ಧಾಂತದ ಮುಖವನ್ನೇ ಗುರುತಿಸಿ, ಯುಗ್ಮ ಸಮಸ್ಯೆಯನ್ನು ಅಲ್ಲೇ ವಿವರಿಸತೊಡಗಿದನೆಂಬುದನ್ನು ಡಾಂಟ್ಸಿಗ್ ಸ್ವತಃ ಬರೆದಿಟ್ಟಿದ್ದಾನೆ. ಮರುವರ್ಷವೇ ಟಕರ್, ಕೂನ್, ಗೇಲ್ ಎಂಬ ಮೂವರು ಅದನ್ನು ಕ್ರಮಬದ್ಧವಾಗಿ ಸಾಧಿಸುವ ಕಾರ್ಯಕ್ಕೆ ತೊಡಗಿದರು. ವಕ್ರರೂಪದ ಸಮಸ್ಯೆಗಳಿಗೂ ಅನ್ವಯಿಸುವ ನಿಬಂಧನೆಗಳನ್ನು ಕೂನ್ ಮತ್ತು ಟಕರ್ 1950ರ ಬರ್ಕ್ಲಿ ಸಮ್ಮೇಳನದಲ್ಲಿ ಮಂಡಿಸಿದರು. ಅವು 1951ರಲ್ಲಿ ಅಚ್ಚಾದುವು.

ಇಲ್ಲಿ ಚರಿತ್ರಕಾರನು ನಿಂತು ನೋಡಲೇಬೇಕಾದ ಒಂದು ಹೆಸರಿದೆ. ಅದೇ ನಿಬಂಧನೆಗಳನ್ನು ವಿಲಿಯಂ ಕರುಷ್ 1939ರಲ್ಲಿಯೇ ಷಿಕಾಗೋ ವಿಶ್ವವಿದ್ಯಾನಿಲಯದ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಬರೆದಿದ್ದನು, ಆದರೆ ಆ ಪ್ರಬಂಧವು ಅಚ್ಚಾಗದೆ ಉಳಿದುದರಿಂದ ಮೂರು ದಶಕಗಳಿಗೂ ಮಿಕ್ಕು ಕಾಲ ಬಹುಮಂದಿಗೆ ಅದರ ಸುಳಿವೇ ಇರಲಿಲ್ಲ. 1970ರ ದಶಕದಲ್ಲಿ ಅದನ್ನು ಬೆಳಕಿಗೆ ತಂದವರಲ್ಲಿ ಕೂನ್ ತಾನೇ ಮುಂದಾಳಾದುದು ಆತನ ದೊಡ್ಡತನ. ಕರುಷ್, ಕೂನ್, ಟಕರ್ ಮೂವರ ಹೆಸರನ್ನೂ ಕೂಡಿಸಿ ಹೇಳುವ ಇಂದಿನ ಪರಿಪಾಠವು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಕನ್ನಡನಾಡಿನ ಮಟ್ಟಿಗೆ ಈ ವಿಚಾರಕ್ಕೆ ಅತಿ ಸಮೀಪವಾದುದು ಸಿ.ಆರ್. ರಾವ್ ಅವರ ಕೃತಿ. ಹೂವಿನ ಹಡಗಲಿಯಲ್ಲಿ 1920ರಲ್ಲಿ, ತೆಲುಗು ಮಾತನಾಡುವ ಮನೆತನದಲ್ಲಿ ಜನಿಸಿದ ಅವರು 1945ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದ ಲೇಖನದಲ್ಲಿ, ಪಕ್ಷಪಾತವಿಲ್ಲದ ಯಾವ ಅಂದಾಜಿನ ಚಾಂಚಲ್ಯವೂ ದತ್ತಾಂಶದಲ್ಲಡಗಿರುವ ಮಾಹಿತಿಯು ವಿಧಿಸುವ ಒಂದು ಮಿತಿಯಿಂದ ಕೆಳಗಿಳಿಯದೆಂದು ತೋರಿಸಿದರು. ಇದನ್ನು ಯುಗ್ಮಸಿದ್ಧಾಂತವೆಂದು ಕರೆಯಲಾಗದು. ಆದರೆ ಸಾಧಿಸುವ ರೀತಿಯಲ್ಲಿ ನಿಕಟ ಬಾಂಧವ್ಯವಿದೆ. ಕೆಳಗೆ ಒಂದು ಮಿತಿಯನ್ನು ನಿಲ್ಲಿಸಿ, ಅದನ್ನು ಮುಟ್ಟಿದ ಅಂದಾಜನ್ನು ಮೀರಿಸಲಾಗದೆಂದು ಸಾರುವುದು ಎರಡರ ಮರ್ಮವೂ ಹೌದು.

ಇನ್ನು ಯುಗ್ಮಸಿದ್ಧಾಂತಕ್ಕೆ ನಿದರ್ಶನವಾಗಿ ದಕ್ಷಿಣ ಬೆಂಗಳೂರಿನ ನೀರನ್ನು ನೋಡೋಣ. 1896ರ ಹೆಸರಘಟ್ಟ ಮತ್ತು 1933ರ ತಿಪ್ಪಗೊಂಡನಹಳ್ಳಿ ಜಲಾಶಯಗಳು ಸಾಲದೆ ಹೋದುದರಿಂದ, 1948ರಲ್ಲಿ ಆರಂಭವಾದ ಜಯನಗರವೂ ಅದರ ಸುತ್ತ ಬೆಳೆದ ಬನಶಂಕರಿ, ಜೆ.ಪಿ. ನಗರಗಳೂ 1974ರಿಂದ ಕಾವೇರಿಯನ್ನೇ ನಂಬತೊಡಗಿದುವು. ಸುಮಾರು 100 ಕಿಲೋಮೀಟರ್ ದೂರದಿಂದ ಬರುವ ಈ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ ಮೇಲೆತ್ತಬೇಕು; ಆದುದರಿಂದ ಕೊಳಾಯಿಯ ಸಾಮರ್ಥ್ಯವೇ ನಿಜವಾದ ನಿರ್ಬಂಧ. ದೃಷ್ಟಾಂತಕ್ಕಾಗಿ ಕಲ್ಪಿತ ಅಂಕೆಗಳನ್ನು ತೆಗೆದುಕೊಳ್ಳೋಣ: ಬಡಾವಣೆಯೊಂದಕ್ಕೆ 100 ಪಾಲು ನೀರು ಬೇಕು, ಕಾವೇರಿಯ ಪಾಲೊಂದಕ್ಕೆ 10 ರೂಪಾಯಿ, ಆದರೆ 80 ಪಾಲಿಗಿಂತ ಹೆಚ್ಚು ಬಾರದು, ಟ್ಯಾಂಕರಿನ ಪಾಲಿಗೆ 90 ರೂಪಾಯಿ. ಕೊಳಾಯಿಯಿಂದ 80, ಟ್ಯಾಂಕರಿನಿಂದ 20 ತರಿಸಿದರೆ ವೆಚ್ಚ 800ಕ್ಕೆ 1,800 ಸೇರಿ 2,600. ಜೊತೆಯ ಸಮಸ್ಯೆಯಲ್ಲಿ ನೀರಿನ ಪಾಲಿಗೆ 90 ರೂಪಾಯಿ ಬೆಲೆಯನ್ನೂ ಕೊಳಾಯಿಯ ಪಾಲಿಗೆ 80 ರೂಪಾಯಿ ಬಾಡಿಗೆಯನ್ನೂ ಕಟ್ಟಿದರೆ, 9,000ದಿಂದ 6,400 ಕಳೆದು ಅದೇ 2,600 ಉಳಿಯುತ್ತದೆ. ಇದಕ್ಕಿಂತ ಅಗ್ಗದ ಏರ್ಪಾಡು ಇಲ್ಲವೆಂಬುದು ಇಲ್ಲಿಗೆ ಸಿದ್ಧವಾಯಿತು. ಬೇಡಿಕೆ 70ಕ್ಕೆ ಇಳಿದರೆ ಕೊಳಾಯಿಯಲ್ಲಿ ಎಡೆ ಉಳಿಯುತ್ತದೆ. ಒಡನೆಯೇ ಬಾಡಿಗೆ ಸೊನ್ನೆಯಾಗಿ ನೀರಿನ ಬೆಲೆ 10ಕ್ಕೆ ಬರುತ್ತದೆ. ಸಡಿಲವಾದ ನಿರ್ಬಂಧಕ್ಕೆ ಬೆಲೆಯಿಲ್ಲವೆಂಬ ಕರುಷ್, ಕೂನ್, ಟಕರರ ನಿಬಂಧನೆಯು ಇದೇ.

2024ರ ಬೇಸಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತವು ಟ್ಯಾಂಕರುಗಳಿಗೆ ದರವನ್ನು ಗೊತ್ತುಮಾಡಿತು: 5 ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಆಜ್ಞೆಯಿಂದ ದರವನ್ನು ತಗ್ಗಿಸಬಹುದು. ಕೊರತೆಯಿಂದ ಹುಟ್ಟಿದ ಗುಣಕವನ್ನು, ಎಂದರೆ ಮೇಲೆ ಹೇಳಿದ ಬಾಡಿಗೆಯನ್ನು, ತಗ್ಗಿಸಲು ನಿರ್ಬಂಧವನ್ನೇ ಸಡಿಲಿಸಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ, ದಿನಕ್ಕೆ 1,450 ದಶಲಕ್ಷ ಲೀಟರುಗಳಿದ್ದ ಪೂರೈಕೆಗೆ ಇನ್ನೂ 775 ದಶಲಕ್ಷ ಲೀಟರುಗಳ ಸಾಮರ್ಥ್ಯ ಸೇರಿತು. ಈ ಸಾಮರ್ಥ್ಯವು ಯಾವ ಬಡಾವಣೆಯಲ್ಲಿ ಬಾಡಿಗೆಯನ್ನು ಸೊನ್ನೆಗಿಳಿಸಿತು, ಯಾವುದರಲ್ಲಿ ಇಳಿಸಲಿಲ್ಲ ಎಂಬುದನ್ನು ವಾರ್ಡುವಾರು ಲೆಕ್ಕಹಾಕುವ ಕೆಲಸವನ್ನು ನಮ್ಮ ತರುಣ ಸಂಶೋಧಕರು ಕೈಗೊಂಡು, ಫಲಿತಾಂಶವನ್ನು ಕನ್ನಡದಲ್ಲಿಯೂ ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ.