ಎತ್ತಿಗೂ ಒಂದು ಸೋಮವಾರ ಇತ್ತು

ಭಾನುವಾರ ಬೆಳಗಿನ ಹೊತ್ತು ಪೆರೇಸಂದ್ರ ಕ್ರಾಸ್‌ನಲ್ಲಿ ಅರ್ಧ ಗಂಟೆ ನಿಂತು ನೋಡಿ. ಬೆಂಗಳೂರು ಕಡೆಯಿಂದ ಬೈಕು, ಕಾರುಗಳು ಬರುತ್ತಲೇ ಇರುತ್ತವೆ. ಕೆಲವರು ಗುಡಿಬಂಡೆ ಕೋಟೆ ಹತ್ತಲು, ಕೆಲವರು ಆವಲಬೆಟ್ಟಕ್ಕೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ದಣಿದವರು ಅವರು. ಒಂದು ದಿನ ಬೆಟ್ಟದ ಗಾಳಿ ಕುಡಿದು ಹೋದರೆ ಮತ್ತೆ ಆರು ದಿನ ದುಡಿಯಬಹುದು ಅನ್ನುವ ಲೆಕ್ಕ.

ಅದೇ ಹೊತ್ತಿಗೆ ಅದೇ ರಸ್ತೆ ಪಕ್ಕದ ತೋಟಗಳಲ್ಲಿ ನಮ್ಮವರು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿರುತ್ತಾರೆ. ಅವರಿಗೆ ಭಾನುವಾರವೂ ಒಂದೇ, ಬುಧವಾರವೂ ಒಂದೇ. ಹುಳು ಎಷ್ಟನೇ ಜ್ವರದಲ್ಲಿವೆ ಅನ್ನುವುದೇ ಅವರ ಕ್ಯಾಲೆಂಡರ್.

ಇದನ್ನು ನೋಡಿದಾಗ ನಮಗೊಂದು ಪ್ರಶ್ನೆ ಬಂತು. ಬಿಡುವು ಅನ್ನುವುದು ಪೇಟೆಯವರ ಹೊಸ ಅಭ್ಯಾಸವೇ? ನಮ್ಮ ಹಿರಿಯರು ದಣಿವಾರಿಸಿಕೊಳ್ಳಲು ಏನು ಮಾಡುತ್ತಿದ್ದರು? ಉತ್ತರ ಹುಡುಕಲು ದೂರ ಹೋಗಬೇಕಾಗಲಿಲ್ಲ. ನಮ್ಮ ಜಿಲ್ಲೆಯ ನಂದಿ ಬೆಟ್ಟದಲ್ಲೇ ಇನ್ನೂರು ವರ್ಷಕ್ಕೂ ಮೀರಿದ ಬಿಡುವಿನ ಚರಿತ್ರೆ ಇದೆ.

ಬೆಟ್ಟದ ಮೇಲಿನ ಬಿಡುವು

ನಂದಿ ಬೆಟ್ಟದ ಎತ್ತರ 1,478 ಮೀಟರ್. ಕೆಳಗೆ ಬಿಸಿಲು ಸುಡುವಾಗಲೂ ಮೇಲೆ ತಣ್ಣಗಿರುತ್ತದೆ. ಟಿಪ್ಪು ಸುಲ್ತಾನ್ ಬೇಸಿಗೆಯಲ್ಲಿ ತಂಗುತ್ತಿದ್ದ ಮನೆ ಇವತ್ತಿಗೂ ಅಲ್ಲಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆ ಹಿಡಿಯಿತು. ಆಮೇಲೆ ಬೆಟ್ಟ ಬ್ರಿಟಿಷ್ ಅಧಿಕಾರಿಗಳ ತಂಪು ತಾಣವಾಯಿತು.

ಅವರಲ್ಲಿ ದೊಡ್ಡ ಹೆಸರು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಇವರಿಂದಲೇ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಆಡಳಿತ ಇವರ ಕೈಯಲ್ಲಿತ್ತು. ಬಿಸಿಲುಗಾಲಕ್ಕೆಂದು ನಂದಿಯ ಮೇಲೆ ಮನೆ ಕಟ್ಟಿಸಿಕೊಂಡರು. ಇವತ್ತು ನೆಹರು ನಿಲಯ ಅನ್ನುವುದು ಅದನ್ನೇ. ಬೆಟ್ಟ ಹತ್ತಿ ಬಿಡುವು ಪಡೆಯಲು ಗೊತ್ತಿದ್ದ ಈ ಮನುಷ್ಯ ಕೆಲಸವನ್ನು ಪೂರ್ತಿ ಬಿಡಲು ಮಾತ್ರ ತಡ ಮಾಡಿದರು. 1861ರಲ್ಲಿ ಹುದ್ದೆ ಬಿಟ್ಟು ಹುಟ್ಟೂರಿಗೆ ಹೊರಟವರು ಊರು ಮುಟ್ಟಲಿಲ್ಲ. ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡರು.

1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗಲೂ ಏಳು ದೇಶಗಳ ನಾಯಕರು ಸಭೆಯ ನಡುವೆ ಇದೇ ಬೆಟ್ಟಕ್ಕೆ ಬಂದರು. ದೊಡ್ಡ ಮಾತು ಆಡುವವರಿಗೂ ಒಂದಿಷ್ಟು ಹೊತ್ತು ಮರದ ನೆರಳು ಬೇಕು ಅಂತ ಆಯಿತು.

ಡಾಕ್ಟರ್ ಮಾತು ಕೇಳಿ ಬಂದವರು

ನಂದಿಗೆ ಬಂದವರಲ್ಲಿ ನಮಗೆ ಬಹಳ ಹತ್ತಿರದವರು ಅನ್ನಿಸುವುದು ಗಾಂಧೀಜಿ. 1927ರ ಮಾರ್ಚ್‌ನಲ್ಲಿ ಅವರು ಖಾದಿಗಾಗಿ ಹಣ ಕೂಡಿಸುತ್ತ ಊರೂರು ಸುತ್ತುತ್ತಿದ್ದರು. ದಿನಕ್ಕೆ ಹಲವು ಸಭೆ, ರಾತ್ರಿ ಪ್ರಯಾಣ, ಅದರ ಮಧ್ಯೆ ಬರವಣಿಗೆ. ಕೊಲ್ಲಾಪುರ, ನಿಪ್ಪಾಣಿ ಕಡೆಯ ಪ್ರವಾಸದಲ್ಲಿ ಮೈ ಕೈಕೊಟ್ಟಿತು. ರಕ್ತದೊತ್ತಡ ಏರಿತ್ತು. ಪ್ರವಾಸ ನಿಲ್ಲಿಸಿ, ತಂಪಿನ ಜಾಗದಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಅಂತ ಡಾಕ್ಟರುಗಳು ಖಡಾಖಂಡಿತ ಹೇಳಿದರು. ಮೊದಲು ಅಂಬೋಲಿ, ಆಮೇಲೆ ಏಪ್ರಿಲ್‌ನಲ್ಲಿ ನಂದಿ. ಜೂನ್ ಮೊದಲ ವಾರದವರೆಗೆ ಸುಮಾರು ಒಂದೂವರೆ ತಿಂಗಳು ಇಲ್ಲೇ ಇದ್ದರು. ಆಗ ಅವರಿಗೆ 57 ವರ್ಷ.

ಒಂದು ದೇಶದ ಚಳವಳಿ ಹೆಗಲ ಮೇಲಿದ್ದ ಮನುಷ್ಯ ಒಂದೂವರೆ ತಿಂಗಳು ಸಭೆಗಳಿಂದ ದೂರ ಕೂತರು. ನಾಳೆ ಮಾಡೋಣ, ಈ ಕೆಲಸ ಮುಗಿಯಲಿ ಅಂತ ಮುಂದೂಡಲಿಲ್ಲ. ಹಾಗಂತ ಸುಮ್ಮನೆ ಮಲಗಿಯೂ ಇರಲಿಲ್ಲ. ನೂಲುತ್ತಿದ್ದರು, ಕಾಗದ ಬರೆಯುತ್ತಿದ್ದರು. ಅವರ ಆತ್ಮಕಥೆ ಆ ವರ್ಷಗಳಲ್ಲಿ ವಾರವಾರ ಪತ್ರಿಕೆಯಲ್ಲಿ ಬರುತ್ತಿತ್ತು.

ಬೆಟ್ಟದಿಂದ ಇಳಿದ ಮೇಲೂ ಬೆಂಗಳೂರಿನಲ್ಲಿ ಕೆಲವು ವಾರ ಸುಧಾರಿಸಿಕೊಂಡರು. ಆ ದಿನಗಳಲ್ಲಿ ಹೊಸೂರು ರಸ್ತೆಯ ಸರ್ಕಾರಿ ಡೇರಿ ಕೇಂದ್ರಕ್ಕೆ ಹೋಗಿ ದನ ಸಾಕುವುದರ ಬಗ್ಗೆ ಕಲಿತರು. ಅಲ್ಲಿಯ ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಅಂತ ಬರೆದುಕೊಂಡರು. ಆಮೇಲೆ ಪ್ರವಾಸ ಮತ್ತೆ ಶುರುವಾಯಿತು. 1936ರ ಮೇ ತಿಂಗಳಲ್ಲಿ, ಹಿಂದಿನ ಚಳಿಗಾಲದಲ್ಲಿ ಮತ್ತೆ ರಕ್ತದೊತ್ತಡ ಕಾಡಿದ ಮೇಲೆ, ಎರಡನೇ ಸಲ ನಂದಿಗೇ ಬಂದರು. ಆಗ ಸರ್ ಸಿ.ವಿ. ರಾಮನ್ ಬೆಟ್ಟಕ್ಕೆ ಬಂದು ಅವರನ್ನು ಕಂಡು ಮಾತಾಡಿ ಹೋದರು. ಗಾಂಧೀಜಿ ತಂಗಿದ್ದ ಮನೆಯನ್ನು ಇವತ್ತು ಗಾಂಧಿ ನಿಲಯ ಅನ್ನುತ್ತೇವೆ.

ಇನ್ನೊಂದು ವಿಷಯ. ಗಾಂಧೀಜಿ ಪ್ರತಿ ಸೋಮವಾರ ಮೌನ ಇರುತ್ತಿದ್ದರು. ಯಾರು ಬಂದರೂ ಮಾತಿಲ್ಲ, ಬೇಕಾದರೆ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಇದನ್ನು ಶುರು ಮಾಡಿದ್ದು ಮೊದಲಿಗೆ ಒತ್ತಡ ಇಳಿಸಿಕೊಳ್ಳುವುದಕ್ಕೆ ಅಂತ ಅವರೇ ಹೇಳಿಕೊಂಡಿದ್ದಾರೆ. ಮನಸ್ಸಿಗೆ ಅದು ಒಗ್ಗಿ ವ್ರತವಾದದ್ದು ಆಮೇಲೆ.

ಬೆಟ್ಟದ ಕೆಳಗಿನ ಸೋಮವಾರ

ಸೋಮವಾರ ಅಂದ ಕೂಡಲೇ ನಮ್ಮ ಅಜ್ಜಂದಿರಿಗೆ ನೆನಪಾಗುವುದು ಬೇರೆ. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಎಷ್ಟೇ ಹದವಾದ ಮಳೆ ಬಿದ್ದಿರಲಿ, ಆ ದಿನ ಮಡಕೆ ಕಟ್ಟುತ್ತಿರಲಿಲ್ಲ. ಎತ್ತು ಮೇಯುತ್ತ ನಿಲ್ಲುತ್ತಿತ್ತು. ಎತ್ತು ನಿಂತರೆ ಉಳುವವನೂ ನಿಲ್ಲಲೇಬೇಕು. ದೇವರ ಹೆಸರಲ್ಲಿ ಎತ್ತಿಗೆ ಸಿಕ್ಕ ರಜ ಮನುಷ್ಯನಿಗೂ ಸಿಗುತ್ತಿತ್ತು.

ಬೆಟ್ಟದ ಹೆಸರೇ ನಂದಿ, ಅಂದರೆ ಬಸವಣ್ಣ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಅದಕ್ಕೆ ಸಾವಿರ ವರ್ಷಕ್ಕೂ ಮೇಲಿನ ಇತಿಹಾಸ. ಮೇಲೆ ಸಾಹೇಬರು ಚಳಿ ಕಾಯಿಸಿಕೊಳ್ಳುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ಕೆಳಗೆ ಜನ ಸೇರುತ್ತಿದ್ದರು. ಶಿವರಾತ್ರಿ ತೇರಿಗೆ ಹಿಂದೆಲ್ಲ ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಟರೆ ಅದೇ ಪ್ರವಾಸ, ಅದೇ ಜಾಗರಣೆ, ನೆಂಟರನ್ನು ನೋಡುವುದೂ ಅಲ್ಲೇ.

ಸಂಜೆಯ ಬಿಡುವು ಬೇರೆ ಥರ. ಕೈವಾರ ತಾತಯ್ಯನವರ ತತ್ವಪದಗಳನ್ನು ಕನ್ನಡ, ತೆಲುಗು ಎರಡರಲ್ಲೂ ಹಾಡುವ ಭಜನೆ ತಂಡಗಳು ನಮ್ಮ ಕಡೆ ಇವತ್ತಿಗೂ ಇವೆ. ಸುಗ್ಗಿ ಮುಗಿದ ಮೇಲೆ ಕೇಳಿಕೆ ಆಟ, ರಾತ್ರಿ ಪೂರ್ತಿ. ಹಗಲು ಗುದ್ದಲಿ ಹಿಡಿದ ಕೈ ರಾತ್ರಿ ತಾಳ ಹಿಡಿಯುತ್ತಿತ್ತು. ನಂದಿಯ ಮೇಲೆ ಬರೆಯುವ ಕೈ ರಾಟೆ ಹಿಡಿದದ್ದೂ ಇದೇ ಥರ ಅಲ್ಲವೇ? ಕೆಲಸ ಬದಲಾದರೆ ಅರ್ಧ ದಣಿವು ಇಳಿಯುತ್ತದೆ.

ಯಾರಿಗೆ ಸಿಗಲಿಲ್ಲ

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾವು ಹೇಳುತ್ತಿಲ್ಲ. ಸೋಮವಾರ ಎತ್ತಿಗೆ ರಜ ಇತ್ತು, ಒಲೆಗೆ ಇರಲಿಲ್ಲ. ನೀರು ತರುವ, ರಾಗಿ ಬೀಸುವ, ಸಗಣಿ ಬಾಚುವ ಹೆಂಗಸರಿಗೆ ಎಲ್ಲ ವಾರವೂ ಒಂದೇ. ಅವರಿಗೆ ಸಿಗುತ್ತಿದ್ದ ಬಿಡುವೆಂದರೆ ಜಾತ್ರೆ, ಆಷಾಢಕ್ಕೆ ತವರು, ಇಲ್ಲ ಬಾಣಂತನ. ಜೀತಕ್ಕಿದ್ದವರ ಬಿಡುವು ಯಜಮಾನನ ಬಾಯಲ್ಲಿತ್ತು.

ಪೇಟೆಯವರ ಭಾನುವಾರವೂ ಪುಕ್ಕಟೆ ಬಂದದ್ದಲ್ಲ. ಮುಂಬೈ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಕೇಳಿ, ಸಭೆ ಮಾಡಿ, 1890ರಲ್ಲಿ ವಾರದ ರಜ ಪಡೆದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜ ಅಂತ ಗೊತ್ತು ಮಾಡಿತು. ಆದರೆ ಹೊಲ ಕಾರ್ಖಾನೆ ಅಲ್ಲ. ಸ್ವಂತ ಹೊಲದಲ್ಲಿ ದುಡಿಯುವವರಿಗೆ, ಅವರ ಮನೆಯ ಹೆಂಗಸರಿಗೆ ಆ ಕಾಯ್ದೆ ತಲುಪಲಿಲ್ಲ.

ಇದ್ದ ಸೋಮವಾರವೂ ನಮ್ಮ ಕಣ್ಣೆದುರೇ ಹೋಯಿತು. ಟ್ರಾಕ್ಟರಿಗೆ ಬಸವಣ್ಣನ ವಾರ ಇಲ್ಲ. ಬೋರ್‌ವೆಲ್‌ಗೆ ಕರೆಂಟು ಯಾವಾಗ ಬರುತ್ತದೋ ಆಗ ಎದ್ದು ನೀರು ಬಿಡಬೇಕು, ಅದು ನಡುರಾತ್ರಿಯಾದರೂ ಸರಿ. ಡೇರಿಗೆ ದಿನಕ್ಕೆ ಎರಡು ಸಲ ಹಾಲು ಹಾಕಬೇಕು. ಚಾಕಿ ಕೇಂದ್ರದಿಂದ ಎರಡನೇ ಜ್ವರ ದಾಟಿದ ಹುಳು ತರುವುದು ಬಂದ ಮೇಲೆ ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವಿನ ದಿನಗಳೂ ಕಮ್ಮಿಯಾದವು. ದುಡ್ಡು ಬಂತು, ನಿಜ. ಸಾಲದ ಕಂತು ಇರುವ ಮನೆಗೆ ಹೋಗಿ ಕೆಲಸ ಬಿಟ್ಟು ಕೂತುಕೊಳ್ಳಿ ಅನ್ನುವುದು ಸುಲಭದ ಮಾತೂ ಅಲ್ಲ. ಆದರೆ ಬಿಡುವು ಸಿಕ್ಕ ಹತ್ತು ನಿಮಿಷವನ್ನೂ ಈಗ ಕೈಯಲ್ಲಿರುವ ಮೊಬೈಲೇ ತಿನ್ನುತ್ತಿದೆ.

ಹುಳು ಕಲಿಸುವ ಪಾಠ

ರೇಷ್ಮೆ ಹುಳು ಸುಮಾರು 25 ದಿನ ಬದುಕಿ ಗೂಡು ಕಟ್ಟುತ್ತದೆ. ಅದರ ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಹೊರಗಿನವರಿಗೆ ಇದು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಆದರೆ ಹಳೆ ಚರ್ಮ ಕಳಚಿ ಹೊಸದು ಬರುವುದು ಆಗಲೇ. ಆ ಹೊತ್ತಲ್ಲಿ ಮುಟ್ಟಬಾರದು, ಸೊಪ್ಪು ಹಾಕಬಾರದು ಅಂತ ನಮ್ಮ ಪ್ರತಿ ರೇಷ್ಮೆ ಮನೆಗೂ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಒಂದೇ ವಾರದಲ್ಲಿ ತನ್ನ ಜೀವಮಾನದ ಸೊಪ್ಪಿನಲ್ಲಿ 80 ಭಾಗಕ್ಕೂ ಹೆಚ್ಚು ತಿನ್ನುತ್ತದೆ. ನಾಲ್ಕು ಸಲ ನಿಂತಿದ್ದಕ್ಕೇ ಆ ಓಟ.

ಹುಳುವಿನ ಬಿಡುವನ್ನು ಇಷ್ಟು ಜೋಪಾನ ಮಾಡುವ ಮನೆಗಳಲ್ಲಿ, ಹಗಲು ರಾತ್ರಿ ಸೊಪ್ಪು ಹಾಕುವ ಹೆಂಗಸಿಗೆ ಜ್ವರ ಬಂದರೂ ಮಲಗಲು ಪುರುಸೊತ್ತಿಲ್ಲ. ನಮಗೆ ಚುಚ್ಚಿದ್ದು ಇದು.

ಎಲ್ಲರೂ ನಂದಿ ಬೆಟ್ಟದಲ್ಲಿ ಒಂದೂವರೆ ತಿಂಗಳು ಇರಲು ಆಗುವುದಿಲ್ಲ. ಆದರೆ ಚಂದ್ರಿಕೆಯಿಂದ ಗೂಡು ಬಿಡಿಸಿ, ಶಿಡ್ಲಘಟ್ಟ ಮಾರುಕಟ್ಟೆಗೆ ಹಾಕಿ ಬಂದ ಮಾರನೇ ದಿನವನ್ನು ಮನೆಯವರೆಲ್ಲರ ಸೋಮವಾರ ಅಂತ ಗೊತ್ತು ಮಾಡಿಕೊಳ್ಳಬಹುದು. ಬ್ಲೀಚಿಂಗ್ ಪೌಡರ್ ಸಿಂಪಡಿಸುವುದು ಅದರ ಮಾರನೇ ದಿನಕ್ಕೆ ಇರಲಿ. ಆ ದಿನ ಅಡುಗೆ ಯಾರು ಮಾಡಬೇಕು ಅನ್ನುವುದನ್ನು ಗಂಡಸರೇ ಮೊದಲು ಯೋಚಿಸಲಿ.