ಕಾರ್ಡಿಯೋಜೆನಿಕ್ ಶಾಕ್: ತುರ್ತು ಚಿಕಿತ್ಸೆಯ ಫಲಿತಾಂಶ

ಹೃದಯಾಘಾತದಿಂದ ಹೃದಯದ ಸ್ನಾಯು ವ್ಯಾಪಕವಾಗಿ ಹಾನಿಗೊಂಡು, ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಆಗದೆ ಅಂಗಾಂಗಗಳು ಸೊರಗುವ ಮಾರಕ ಸ್ಥಿತಿ ಕಾರ್ಡಿಯೋಜೆನಿಕ್ ಶಾಕ್. ರೋಗಿಯ ಉಳಿವಿಗೆ ಮುಖ್ಯ ಆಧಾರ, ಮುಚ್ಚಿದ ಧಮನಿಯನ್ನು ಬೇಗ ತೆರೆಯುವುದು. 1999ರಲ್ಲಿ ಪ್ರಕಟವಾದ, 302 ರೋಗಿಗಳ ‘ಶಾಕ್’ ಪ್ರಯೋಗದಲ್ಲಿ ತುರ್ತು ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ಗೆ ನಿಯೋಜಿತರಾದವರ 30 ದಿನಗಳ ಮರಣ ಪ್ರಮಾಣ ಶೇ. 46.7; ಮೊದಲು ಔಷಧಿಗಳಿಂದ ಸ್ಥಿರಗೊಳಿಸಿದವರದು ಶೇ. 56. ಈ ಅಂತರ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ, ಆದರೆ ಆರು ತಿಂಗಳ ಮರಣ ಪ್ರಮಾಣದ ಅಂತರ (ಶೇ. 50.3, 63.1) ನಿಂತಿತು. 2012ರ ಪ್ರಯೋಗವೊಂದರಲ್ಲಿ ಹೃದಯಕ್ಕೆ ನೆರವಾಗಲು ಅಳವಡಿಸುವ ಮಹಾಧಮನಿಯ ಬಲೂನ್ ಪಂಪ್‌ನಿಂದ ಮರಣ ಇಳಿಯಲಿಲ್ಲ. 2017ರ ‘ಕಲ್ಪ್ರಿಟ್-ಶಾಕ್’ ಪ್ರಯೋಗ, ಆರಂಭದಲ್ಲಿ ಹೃದಯಾಘಾತಕ್ಕೆ ಕಾರಣವಾದ ಧಮನಿಯನ್ನಷ್ಟೇ ತೆರೆಯುವುದು ಲೇಸೆಂದು ತೋರಿಸಿತು. 2024ರ ‘ಡ್ಯಾಂಜರ್’ ಪ್ರಯೋಗದಲ್ಲಿ ಆಯ್ದ ರೋಗಿಗಳ ಹೃದಯದೊಳಗೆ ಸೂಕ್ಷ್ಮ ಪಂಪ್ ಅಳವಡಿಸಿದಾಗ 180 ದಿನಗಳ ಮರಣ ಶೇ. 58.5ರ ಬದಲು 45.8 ಆಯಿತು; ಆದರೆ ರಕ್ತಸ್ರಾವ, ಕಾಲಿನ ರಕ್ತಕೊರತೆ ಹೆಚ್ಚಿದವು.